ಮಾಸ್ತಿಯ ಕ್ಯಾನಿನ ತಣ್ಣನೆ ಹೊಗೆ

ಕುಮಟಾದಿಂದ ಯಾಣದ ಕಡೆ ಹೋಗುವ ರಸ್ತೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಟ್ಟಿಗೆಯೊಂದರ ಮುಂದೆ ಬೈಕು ನಿಲ್ಲಿಸಿದ ಮಾಸ್ತಿ ನಾಯ್ಕರು, ಹಿಂದಿನ ಸೀಟಿಗೆ ಕಟ್ಟಿದ್ದ ಅಲ್ಯೂಮಿನಿಯಂ ಕ್ಯಾನನ್ನು ಕೂಸನ್ನು ಇಳಿಸಿದಂತೆ ಇಳಿಸುತ್ತಾರೆ. ಒಳಗಿರುವುದು ದ್ರವ ಸಾರಜನಕ. ಅದರಲ್ಲಿ ಮುಳುಗಿರುವುದು ಹೋರಿಗಳ ವೀರ್ಯ ತುಂಬಿದ ಸಪೂರ ಕಡ್ಡಿಗಳು. ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಇವರ ಕೆಲಸ. ಕರು ಹುಟ್ಟಿ ಗಿಣ್ಣ ಹಂಚುವಾಗ ಇವರ ನೆನಪು ಯಾರಿಗೂ ಆಗುವುದಿಲ್ಲ ಬಿಡಿ.

ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಇರುವುದು ಇದೇ ಸಾರಜನಕ. ಬಣ್ಣವಿಲ್ಲ, ವಾಸನೆಯಿಲ್ಲ, ಸುಲಭಕ್ಕೆ ಯಾರ ತಂಟೆಗೂ ಹೋಗುವುದಿಲ್ಲ. ಯೂರಿಯಾ ಆಗಿ ಗದ್ದೆಗೆ ಬಿದ್ದು ಭತ್ತವನ್ನು ಹಸಿರಾಗಿಸುವುದೂ ಅದೇ. ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ ತಣಿಸಿದರೆ ನೀರಿನಂತಾಗುತ್ತದೆ. ಅದರಲ್ಲಿಟ್ಟ ಕಡ್ಡಿ ವರ್ಷಗಟ್ಟಲೆ ಕೆಡುವುದಿಲ್ಲ.

"ಆದ್ರೆ ಇದು ಕೂತಲ್ಲೇ ಆವಿಯಾಗಿ ಆರ್ತಾ ಇರ್ತದೆ. ಬಿಗಿ ಮುಚ್ಚುಕೂ ಆಗುದಿಲ್ಲ, ಕ್ಯಾನೇ ಒಡೆದೋಗ್ತದೆ. ಮುಚ್ಚಳ ತೆಗ್ದಷ್ಟೂ ಬೇಗ ಖಾಲಿ," ಎನ್ನುತ್ತಾರೆ ಮಾಸ್ತಿ.

ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುತ್ತದೆ. ಅದು ಹೊಗೆಯಲ್ಲ, ನಮ್ಮ ಕರಾವಳಿ ಗಾಳಿಯ ತೇವವೇ ತಣಿದು ಮಂಜಾಗುವುದು. ಈ ಕೊಟ್ಟಿಗೆಯ ಒಡತಿ ಸಣ್ಣಮ್ಮ ಗೌಡರಿಗೆ ಅದನ್ನು ನೋಡುವುದೆಂದರೆ ಪ್ರಾಣ. ಮಾಸ್ತಿ ದಾರಿಯಲ್ಲಿ ಹಾದರೂ ಸಾಕು, "ಒಂದ್ಸಲ ತೋರ್ಸಾ ತಮಾ" ಎಂದು ಕರೆಯುತ್ತಿದ್ದರು. ಮಾಸ್ತಿಗೋ ಇಲ್ಲವೆನ್ನಲು ಬಾಯಿ ಬಾರದು. ಇಲ್ಲಷ್ಟೇ ಅಲ್ಲ, ಕೇಳಿದ ಮನೆಯಲ್ಲೆಲ್ಲ ತೆಗೆದು ತೋರಿಸುತ್ತಿದ್ದರು.

ಹೋದ ಮಳೆಗಾಲ ಘಟ್ಟದಲ್ಲಿ ಮಣ್ಣು ಕುಸಿದು ಸಾರಜನಕದ ಗಾಡಿ ಬರಲಿಲ್ಲ. ಕ್ಯಾನು ಬತ್ತಿತು. ಸಣ್ಣಮ್ಮನ ಹಸು ಕೆಂಪಿ, ಗಿಡ್ಡ ಎಂಬ ನಾಟಿ ತಳಿಯದು, ಪುಟ್ಟದು. ಅದಕ್ಕೆಂದೇ ತಂದಿಟ್ಟಿದ್ದ ಗಿಡ್ಡ ಹೋರಿಯ ಕಡ್ಡಿಗಳೂ ಹಾಳಾದವು. ಆ ತಳಿಯ ಹೋರಿ ಸುತ್ತಲೆಲ್ಲೂ ಉಳಿದಿಲ್ಲ. ಜರ್ಸಿಯ ಕಡ್ಡಿ ಹಾಕೋಣವೆಂದರೆ, ಕರು ದೊಡ್ಡದಾಗಿ ಈಯುವಾಗ ಕೆಂಪಿಯ ಜೀವಕ್ಕೇ ಕುತ್ತು.

"ಹೊಗೆ ತೋರ್ಸಿ ತೋರ್ಸಿ ನಾನೇ ಖಾಲಿ ಮಾಡ್ದೆ. ಇಲ್ದಿದ್ರೆ ಗಾಡಿ ಬರೂವರೆಗೆ ತಡೀತಿತ್ತು. ಸಣ್ಣಮ್ಮಕ್ಕನ ಹತ್ರ ಬಂದು ಹೇಳ್ದೆ. ಅವ್ರು ಚಾ ಮಾಡಿ ಕೊಟ್ರು. ಬೈದಿದ್ರೆ ಚಲೋ ಇತ್ತು."

ಅಲೆದಾಡಿ ತಂದ ಗಿಡ್ಡ ಹೋರಿಯ ಕಡ್ಡಿ ಇಂದು ಒಂದೇ ಒಂದಿದೆ. ಕೆಂಪಿಗೆ ವಯಸ್ಸಾಗಿದೆ, ಈ ಸಲ ಗಬ್ಬ ನಿಲ್ಲದಿದ್ದರೆ ಮುಗಿಯಿತು. ಮಾಸ್ತಿ ಮುಚ್ಚಳಕ್ಕೆ ಕೈ ಹಾಕುತ್ತಿದ್ದಂತೆ ಸಣ್ಣಮ್ಮ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ.

"ನೋಡಕ್ಕ, ಇವತ್ತು ಹೆಂಗೂ ತೆಗೀಲೇಬೇಕಲ."

"ಬ್ಯಾಡ. ನಾ ನೋಡ್ತಾ ನಿಂತ್ರೆ ನೀ ಒಂದು ಗಳಿಗೆ ಹೆಚ್ಚು ತೆಗ್ದಿಡ್ತೆ. ಬೇಗ ಮುಚ್ಚು."

ಕೆಲಸ ಮುಗಿಸಿ, ಕ್ಯಾನು ಕಟ್ಟಿ, ಕೈ ತೊಳೆದು ಬಂದ ಮಾಸ್ತಿಯನ್ನು ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಅವರು ಕೊಟ್ಟಿಗೆಯತ್ತ ನೋಡುತ್ತಾರೆ.

"ಕೆಂಪಿ ಕರು ಹಾಕ್ಲಿ. ಅಕ್ಕ ಮತ್ತೊಂದ್ಸಲ 'ತೋರ್ಸಾ ತಮಾ' ಅನ್ಲಿ. ತೋರ್ಸುದಿಲ್ಲ ನಾ. ಆದ್ರೂ ಕೇಳ್ಲಿ."