ಅತ್ತಿಯವರು ಬಡಿದು ನೋಡಿದ ದೋಣಿ

ಊರಿಗೆ ಊರೇ ಕಂಪ್ಯೂಟರ್ ಕಲ್ತು ಹೈಟೆಕ್ ಸಿಟಿ ಬಸ್ ಹಿಡಿಯಾಕತ್ತಿದ್ದ ಕಾಲದಾಗ ನಮ್ಮ ಮಾವನವರು ಒಂದು ಹಳೇ ದೋಣಿ ತಂದು ಕಾಚಿಗೂಡದ ನಮ್ಮ ಮನಿ ಅಂಗಳದಾಗ ಇಳಿಸಿದ್ರು. ನಳಕ್ಕ ದಿನಾ ಬಿಟ್ಟು ದಿನಾ ನೀರು ಬರೂ ಓಣಿ ನಮ್ದು. ಮೂಸಿ ಹೊಳಿ ಐತಲ್ಲ ಅಂತೀರೇನು, ಅದರಾಗ ದೋಣಿ ಬಿಡೂದು ದೂರ ಉಳೀತು, ಮೂಗು ಮುಚ್ಚಿಕೊಳ್ಳದನ ಸೇತುವಿ ದಾಟಿದವರನ್ನ ನಾ ನೋಡಿಲ್ಲ. ಲಾರಿ ಒಳಗ ಬರೂದು ನೋಡಿ ಎದುರುಮನಿ ಆಂಟಿ ಓಡಿ ಬಂದು ತೆಲುಗಿನಾಗ ಕೇಳಿದ್ರು, ಇದು ಹೊಸಾ ನಮೂನಿ ನೀರಿನ ಟಾಕಿ ಏನಮ್ಮಾ ಅಂತ. ನಾ ಹೂಂ ಅಂದೆ. ಖರೇ ಹೇಳಾಕ ನಾಚಿಕಿ ಬಂತು.

ಮಾವನವರು ನೀರಾವರಿ ಇಲಾಖೆಯಾಗ ಇಂಜಿನಿಯರ್ ಆಗಿದ್ದವರು. ಜಲಾಶಯದ ತಳದಾಗ ಹೂಳು ಎಷ್ಟು ತುಂಬೈತಿ ಅಂತ ಅಳಿಯೂದು ಅವರ ಕೆಲಸ. ಅಳೀತಿದ್ದದ್ದು ಇದೇ ಫೈಬರ್ ದೋಣಿಯಾಗ ಕುಂತು. ಇಲಾಖೆಯವರು ಅದನ್ನ ಗುಜರಿಗೆ ಹಾಕಿ ಹರಾಜು ಕೂಗಿದಾಗ ಕೈ ಎತ್ತಿದವರು ಇವರೊಬ್ಬರೇ ಅಂತ. ಸರಕಾರಿ ದೋಣಿಯಾಗ ಮನಿ ಮಂದೀನ್ನ ಕುಂದ್ರಸಬಾರದು ಅಂತ ರೂಲ್ ಇತ್ತು. ಇಡೀ ಇಲಾಖೆಯಾಗ ಆ ರೂಲ್ ಪಾಲಿಸಿದ ಪುಣ್ಯಾತ್ಮರೂ ಇವರೊಬ್ಬರೇ ಇರಬೇಕು. ಹಿಂಗಾಗಿ ನಮ್ಮ ಅತ್ತಿಯವರು ಗಂಡನ ನೌಕರಿ ಮುಗಿಯೂತನಕ ದಂಡಿ ಮ್ಯಾಲ ನಿಂತು ಕೈ ಬೀಸಿದ್ದೇ ಬಂತು. ಈಗ ದೋಣಿ ಸ್ವಂತದ್ದು, ಗೆಳೆಯರೊಬ್ಬರ ತ್ವಾಟದ ಬಾಜೂಕ ಕೆರಿ ಐತಿ, ಇಕೀನ್ನ ಕುಂದ್ರಿಸಿಕೊಂಡು ಒಂದು ಸುತ್ತು ಹೊಡೀಬೇಕು ಅನ್ನೂದು ಮಾವನವರ ಆಸೆ. ಅತ್ತಿಯವರ ಆಸೆ ಏನು ಅಂತ ಯಾರೂ ಕೇಳಿದ್ದಿಲ್ಲ.

ಅದೇ ಟೈಮಿಗೆ ಬಿಲ್ಡರ್ ಬರಾಕ ಶುರು ಮಾಡಿದ. ಆಗ ಹಳೇ ಮನಿ ಇದ್ದವರ ಬಾಗಿಲಿಗೆ ಹಾಲಿನವನಕಿಂತ ಮೊದಲ ಬಿಲ್ಡರ್ ಬರ್ತಿದ್ದ. ಮನಿ ಕೊಡ್ರಿ, ಕೆಡವಿ ಅಪಾರ್ಟ್‌ಮೆಂಟ್ ಕಟ್ಟತೀನಿ, ನಿಮಗೂ ಫ್ಲಾಟ್ ಕೊಡತೀನಿ, ಲಿಫ್ಟ್ ಇರತೈತಿ, ಕೆಳಗ ವಾಚ್‌ಮನ್ ಸಲಾಮ್ ಹೊಡೀತಾನ. ನಮ್ಮನಿಯವರು ಸಾಫ್ಟ್‌ವೇರಿನವರು, ಒಮ್ಮೆಲೇ ಒಪ್ಪಿದ್ರು. ನಾ ಅವರಕಿಂತ ಮೊದಲ ಒಪ್ಪಿದೆ. ಸುಳ್ಳ್ಯಾಕ ಹೇಳಲಿ, ನನಗ ಒಂದು ಬಾಗಿಲಿದ್ದ ಅಡಗಿಮನಿ ಬೇಕಾಗಿತ್ತು. ಈ ಮನಿಯಾಗ ಅಡಗಿಮನಿ ಅಂದ್ರ ಹಿತ್ತಲಕ್ಕ ಹೋಗೂ ಹಾದಿ. ರಾಯಚೂರಿಂದ ಲಗ್ನಾಗಿ ಬಂದಾಗಿಂದ ನಾ ಒಗ್ಗರಣಿ ಹಾಕೂದನ್ನ ಎಲ್ಲಾರೂ ನೋಡ್ಯಾರ, ಎಲ್ಲಾರೂ ಸಲಹಾ ಕೊಟ್ಟಾರ. ಬಿಲ್ಡರ್ ತೋರಿಸಿದ ನಕಾಶಿಯಾಗ ಅಡಗಿಮನಿಗೆ ಬಾಗಿಲಿತ್ತು, ಬಾಗಿಲಕ್ಕ ಚಿಲಕಾನೂ ಇತ್ತು. ನಾ ಆ ನಕಾಶಿ ದೇವರ ಫೋಟೋ ನೋಡಿದಂಗ ನೋಡತಿದ್ದೆ.

ಮಾವನವರು ಎಲ್ಲಾ ಕೇಳಿ ಒಂದೇ ಮಾತು ಅಂದ್ರು. "ಫ್ಲಾಟಿನಾಗ ದೋಣಿಗೆ ಜಾಗ ಇರಂಗಿಲ್ಲ. ಮೊದಲ ದೋಣಿ ರಿಪೇರಿ ಆಗಿ ಗೇಟು ದಾಟಲಿ. ಮರುದಿನ ಬಂದು ಸಹಿ ಹಾಕತೀನಿ." ಅವರ ಮಾತು ಅಂದ್ರ ಮುಗೀತು. ರೂಲ್ ಪಾಲಿಸೂ ಮನುಷ್ಯಾ.

ಅವತ್ತು ಮಧ್ಯಾಹ್ನ ಹಿತ್ತಲದಾಗ ಅತ್ತಿಯವರು ಒರಳಿನ ಮುಂದ ಕುಂತು ಶೇಂಗಾ ಚಟ್ನಿ ಕುಟ್ಟಾಕತ್ತಿದ್ರು. ಆ ಒರಳು ನೆಲದಾಗ ಹುಗಿದದ್ದು, ಅವರ ಅತ್ತಿ ಹುಗಿಸಿದ್ದು. ಕುಟ್ಟೂದು ನಿಲ್ಲಿಸದನ ನನಗ ಹೇಳಿದ್ರು, "ನೋಡವಾ, ನಾ ಯಾರಿಗೂ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಮನಿ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ." ಎರಡೂ ಹೆಂಗ ಕೂಡತಾವ ಅಂತ ನಾ ಕೇಳಲಿಲ್ಲ. ಮುದುಕಿ ಮಾತು, ಮರೀತಾರ ಅಂದುಕೊಂಡೆ. ಅವರು ಮರೆಯೂ ಪೈಕಿ ಅಲ್ಲ ಅಂತ ನನಗ ಗೊತ್ತಿರಬೇಕಿತ್ತು, ನನ್ನ ಲಗ್ನದಾಗ ನಮ್ಮ ತವರಿನವರು ಬಡಿಸಿದ ಹೋಳಿಗಿ ಗಟ್ಟಿ ಇದ್ದದ್ದು ಇನ್ನೂ ಅವರ ನೆನಪಿನಾಗ ಐತಿ.

ಸರಿ, ದೋಣಿ ಕೆಲಸ ಶುರು ಆತು. ಮ್ಯಾಲಿನ ಮೈ ಏನೋ ಛಲೋ ಇತ್ತು. ಆದ್ರ ಒಳಗ ಕಾಲಿಟ್ರ ನೆಲಾ ಜಗ್ಗತಿತ್ತು. ಫೈಬರ್ ದೋಣಿ ಅಂದ್ರ ಬರೇ ಫೈಬರ್ ಅಂತ ನಾ ತಿಳಕೊಂಡಿದ್ದೆ. ಅಲ್ಲಂತ. ನೆಲಕ್ಕ ಪ್ಲೈವುಡ್ ಹಾಸಿರತಾರ, ಅದರ ಕೆಳಗ ಮೂತಿಯಿಂದ ಹಿಂದಿನ ಹಲಗಿತನಕ ಉದ್ದಕ್ಕ ಎರಡು ಕಟ್ಟಿಗಿ ತೊಲಿ ಇರತಾವ, ಅವಕ್ಕ ಸ್ಟ್ರಿಂಗರ್ ಅಂತಾರ. ದೋಣಿ ಬೆನ್ನುಮೂಳಿ ಅವೇ. ಇಲಾಖೆಯವರು ಕಂಡಕಂಡಲ್ಲೆ ಸ್ಕ್ರೂ ಹೊಡದಿದ್ರು, ಆ ತೂತಿನಾಗಿಂದ ನೀರು ಇಳಿದು ಕಟ್ಟಿಗೀನ ಒಳಗಿಂದೊಳಗ ಕೊಳೆಸಿತ್ತು.

ನಮ್ಮನಿಯವರು ಆಫೀಸಿನಿಂದ ಪ್ಲಾನ್ ಪ್ರಿಂಟ್ ತಗೊಂಡು ಬಂದ್ರು. ಬಣ್ಣಬಣ್ಣದ ಪಟ್ಟಿ, ಯಾವ ಕೆಲಸ ಯಾವ ವಾರ ಮುಗೀಬೇಕು ಅಂತ. "ಅಪ್ಪಾ, ಎರಡೂ ತೊಲಿ ಒಮ್ಮೆಲೇ ತಗದ್ರ ಟೈಮ್ ಉಳೀತೈತ್ರಿ. ಪ್ಯಾರಲಲ್ ಮಾಡೋಣ." ಮಾವನವರು ಕನ್ನಡಕದ ಮ್ಯಾಲಿಂದ ನೋಡಿದ್ರು. "ಎರಡೂ ಒಮ್ಮೆ ತಗದ್ರ ದೋಣಿ ಹೊಟ್ಟಿ ಜೋತು ಬೀಳತೈತಿ. ಒಂದು ಕೂಡಿಸಿ, ಅದು ಗಟ್ಟಿ ಆದ ಮ್ಯಾಲ ಇನ್ನೊಂದಕ್ಕ ಕೈ ಹಚ್ಚಬೇಕು." ಬಣ್ಣದ ಪಟ್ಟಿ ಅವತ್ತೇ ಚಾದ ಕಪ್ಪಿನ ಕೆಳಗ ಹೋತು.

ನೆಲಾ ಕೊಯ್ದು ತಗದ ಮ್ಯಾಲ ಮಾವನವರು, ಹಿಂದಿನ ಅರ್ಧಾ ಅಷ್ಟೇ ಕೊಳೆತೈತಿ, ಮುಂದಿಂದು ಛಲೋ ಐತಿ ಅಂತ ತೀರ್ಪು ಕೊಟ್ಟಿದ್ರು. ಅಷ್ಟೊತ್ತಿಗೆ ಅತ್ತಿಯವರು ಚಾ ತಗೊಂಡು ಬಂದ್ರು. ನಮ್ಮ ಅತ್ತಿಯವರದೊಂದು ಚಟ. ಗಡಿಗಿ ತಗೊಳ್ಳೂಮುಂದ ಬೆರಳು ಮಡಚಿ ಬಡಿದು, ಕಿವಿಗೊಟ್ಟು ಕೇಳತಾರ. ಸಂತಿಯಾಗಿನ ಕುಂಬಾರಗಿತ್ತಿ ಇವರನ್ನ ಕಂಡ್ರ ಗಡಿಗಿ ಮುಚ್ಚಿಡತಿದ್ಲು. ಹಂಗೇ ಚಾ ಕೊಡತಾ ತೊಲಿಯ ಮುಂದಿನ ಅರ್ಧಾ ಬಡಿದ್ರು. "ರೀ, ಇದು ಒಳಗ ಸತ್ತೈತ್ರಿ." ಮಾವನವರು ನಕ್ಕು ಮಶೀನಿನಿಂದ ಕೊಯ್ದು ನೋಡಿದ್ರು. ಒಳಗಿನ ಕಟ್ಟಿಗಿ ನೆನೆ ಹಾಕಿ ಮರೆತುಬಿಟ್ಟ ಅವಲಕ್ಕಿ ಹಂಗ ಕೈಗೆ ಬಂತು. ಅವತ್ತಿನಿಂದ ಮನಿಯಾಗ ಒಂದು ಕಾಯಿದೆ ಆತು. ಅತ್ತಿಯವರು ಬಡಿದು ಹೂಂ ಅಂದ್ರ ಮುಂದಿನ ಕೆಲಸ.

ಆಮ್ಯಾಲಿನ ದಿನಗಳು ಏನು ಹೇಳಲಿ. ಗ್ರೈಂಡರ್ ಹಚ್ಚಿದ್ರ ಫೈಬರಿನಾಗಿನ ಗಾಜಿನ ಧೂಳು ಹಪ್ಪಳದ ಮ್ಯಾಲ, ಹಾಸಿಗಿ ಮ್ಯಾಲ, ತುಳಸಿಕಟ್ಟಿ ಮ್ಯಾಲ. ಮಾವನವರ ಅಂಗಿ ಜೊತಿ ನಮ್ಮನಿಯವರ ಆಫೀಸ್ ಅಂಗಿ ಒಂದೇ ವಾಷಿಂಗ್ ಮಶೀನಿಗೆ ಬಿತ್ತು. ಅಮೇರಿಕಾದ ಸಾಹೇಬರ ಮುಂದ ಇವರು ಮೀಟಿಂಗಿನಾಗ ಮೈ ತುರಿಸಿಕೊಂಡದ್ದು ನೋಡಿ ಅವರು ಪಾಪ, ಇಂಡಿಯಾದ ಹವಾ ಬಗ್ಗೆ ಭಾಳ ಮರುಗಿದ್ರಂತ. ರೆಸಿನ್ ಅಂತ ಒಂದು ನಮೂನಿ ಅಂಟು, ಅದನ್ನ ಕಲಸಾಕ ನನ್ನ ಪಾತೇಲಿ ಹೋತು, ಆಮ್ಯಾಲೆ ನನ್ನ ಸೌಟು ಹೋತು. ಏಪ್ರಿಲ್ ಬಿಸಲಾಗ ಅದು ಗಟ್ಟಿ ಆಗಲಿ ಅಂತ ಹಾಕೂ ಹಾರ್ಡನರ್ ಒಂದೀಟು ಹೆಚ್ಚಾದ್ರ ರೆಸಿನ್ ಪಾತೇಲಿಯಾಗೇ ಕುದ್ದು ಹೊಗಿ ಎದ್ದು ಕಲ್ಲಾಗತಿತ್ತು. ಸಾರಿನಾಗ ಅದರ ವಾಸನಿ ಬರಾಕತ್ತಿತ್ತು. ನಾ ಸಹಿಸಿಕೊಂಡೆ. ಚಿಲಕ ಇದ್ದ ಬಾಗಿಲಾ ನೆನಿಸಿಕೊಂಡು ಎಲ್ಲಾ ಸಹಿಸಿಕೊಂಡೆ. ರಟ್ಟಿನಾಗ ದೋಣಿ ಹೊಟ್ಟಿ ಅಳತಿ ತಗದು, ಅದರ ಪ್ರಕಾರ ಹೊಸಾ ಪ್ಲೈವುಡ್ ತೊಲಿ ಕೊಯ್ದು ಕೂಡಿಸಿ, ಗಾಜಿನ ನಾರಿನ ಬಟ್ಟಿ ಸುತ್ತಿ, ರೆಸಿನ್ ಕುಡಿಸಿದ್ರು. ಬಟ್ಟಿ ಮಡಚದಂಗ ಹಿಡಿಯೂ ಕೆಲಸ ನಂದು. ಛಲೋ ಹಿಡದಿ ಅಂತ ಮಾವನವರು ಒಮ್ಮೆ ಹೊಗಳಿದ್ರು. ನನಗ ಖುಷಿ ಆತು, ಇದರಾಗ ಖುಷಿ ಆಗೂದೇನೈತಿ ಅಂತ ನನ್ನ ಮ್ಯಾಲೆ ನನಗ ಸಿಟ್ಟೂ ಬಂತು.

ಎರಡೂ ತೊಲಿ ಕುಂತು, ಮ್ಯಾಲ ಹೊಸಾ ನೆಲಾ ಹಾಸಿ ಆದ ಮ್ಯಾಲ ಅತ್ತಿಯವರು ಬಂದ್ರು. ಸೆರಗು ಸಿಕ್ಕಿಸಿ ಬಗ್ಗಿ ಅಲ್ಲಲ್ಲೆ ಬಡಿದ್ರು. ನಡುವ ನಿಂತ್ರು. "ರೀ, ಎಡಕ್ಕ ಇಲ್ಲೆ ಮೆತ್ತಗ ಕೇಳಸಾಕತ್ತೈತ್ರಿ."

ಮಾವನವರೂ ಬಡಿದ್ರು. ಭಾಳ ಹೊತ್ತು ಕಿವಿ ಇಟ್ಟು ಕೇಳಿದ್ರು. "ಹೌದೇನು? ಹಂಗಾರ ತಗೀಬೇಕು" ಅಂತ ಮಶೀನು ಹಚ್ಚಿದ್ರು. ಕೊಯ್ದ ತುಂಡು ಬಚ್ಚಲದ ಒಲಿಗೆ ಹಾಕಾಕ ನಾ ಆರಿಸಿಕೊಳ್ಳಾಕತ್ತಿದ್ದೆ. ಕೈಯಾಗ ಹಿಡದು ನೋಡಿದ್ರ ಕಟ್ಟಿಗಿ ಹಳದಿ, ಖಣಖಣ ಒಣಗಿದ್ದು, ಅಂಗಡಿ ವಾಸನಿ ಸುದ್ದಾ ಹೋಗಿದ್ದಿಲ್ಲ. ತಲಿ ಎತ್ತಿದೆ. ಮಾವನವರ ಕೈಯಾಗೂ ಅಂಥಾದೇ ಒಂದು ತುಂಡು. ಅವರು ಅದನ್ನ ಹೊಳ್ಳಿಸಿ ನೋಡಿದ್ರು, ಅತ್ತಿಯವರು ಒಳಗ ಹೋದ್ರೇನು ಅಂತ ನೋಡಿದ್ರು, ಗೋಣಿತಟ್ಟಿನ ಕೆಳಗ ಸರಿಸಿದ್ರು. ನೀರಿನ ಮ್ಯಾಲ ಕುಂತು ತಳದಾಗಿನ ಕೆಸರು ಹೇಳೂ ಮನುಷ್ಯಾಗ ಕೈಯಾಗಿನ ಹಲಗಿ ಒಣಾನೋ ಹಸೀನೋ ತಿಳೀಲಿಲ್ಲ ಅಂದ್ರ ನಂಬೂದು ಹೆಂಗ?

ತುಂಡು ಜೋಡಿಸಿ ಮತ್ತ ಬಟ್ಟಿ, ಮತ್ತ ರೆಸಿನ್. ಅತ್ತಿಯವರು ಮತ್ತ ಬಡಿದ್ರು. ಈಗ ಬಲಕ್ಕ ಮೆತ್ತಗಂತ. ಆಮ್ಯಾಲೆ ಮೂತಿ ಹತ್ರ. ಪ್ರತಿ ಸಲ ಮಾವನವರು ಹೂಂ ಅಂತ ಒಳ್ಳೇ ಕಟ್ಟಿಗಿ ಕೊಯ್ದು ಬಿಸಾಕಿದ್ರು. ಮಳಿಗಾಲ ಬಂತು, ತಾಡಪತ್ರಿ ಹೊಚ್ಚಿದ್ರು, ಮಳಿಗಾಲ ಹೋತು. ಮುಂದಿನ ವರ್ಷದ್ದೂ ಬಂದು ಹೋತು. ಬಿಲ್ಡರ್ ಮೊದಲ ವಾರಕ್ಕೊಮ್ಮೆ ಫೋನ್ ಮಾಡತಿದ್ದ, ಆಮ್ಯಾಲೆ ಹಬ್ಬಕ್ಕೊಮ್ಮೆ. ಎದುರುಮನಿಯವರು ಕೊಟ್ಟು ಅಪಾರ್ಟ್‌ಮೆಂಟೂ ಎದ್ದು ನಿಂತಿತ್ತು. ಆಂಟಿ ಮೂರನೇ ಮಾಳಿಗಿಯಿಂದ ಬಗ್ಗಿ ನಿಮ್ಮ ಟಾಕಿ ಮುಗೀತೇನಮ್ಮಾ ಅಂತ ಕೇಳೂರು. ಒಳಗ ಅವರ ಅಡಗಿಮನಿ ಬಾಗಿಲಾ ಮುಚ್ಚಿದ್ದು ಕೆಳಗ ನಿಂತ ನನಗ ಕಂಡಂಗಾಗತಿತ್ತು.

ನಾ ಹೇಳಬಹುದಿತ್ತು. ಹೇಳಿದ್ರ ಅತ್ತಿಯವರು ಸುಳ್ಳಿ, ಮಾವನವರು ಸುಳ್ಳಿಗೆ ಸಾಥ್ ಕೊಟ್ಟವರು, ನಾ ಫ್ಲಾಟಿನ ಆಸೆಬುರುಕಿ. ಮೂರೂ ಖರೇನೇ. ಆದ್ರ ಅಂಥಾ ಖರೇ ಮಾತು ಆಡಿದ ಮ್ಯಾಲ ಅದೇ ಮನಿಯಾಗ ಉಣ್ಣಾಕ ಕುಂದ್ರೂದು ಹೆಂಗ? ಬಾಯಿ ಮುಚ್ಚಿಕೊಂಡು ರೊಟ್ಟಿ ಬಡದೆ. ನಮ್ಮನಿಯವರಿಗೆ ಮಾತ್ರ ಒಂದೂ ತಿಳೀಲಿಲ್ಲ. ಪ್ಲೈವುಡ್ ಅಂಗಡಿಯವ ಮೋಸಾ ಮಾಡ್ಯಾನ ಅಂತ ಜಗಳಾಡಾಕ ದಿಲ್‌ಸುಖ್‌ನಗರಕ್ಕ ಹೋಗಿ ಬಂದ್ರು. ಸಾಫ್ಟ್‌ವೇರಿನಾಗ ತಪ್ಪು ಹುಡುಕೂದೇ ಇವರ ಕೆಲಸ ಅಂತ, ಅದಕ್ಕ ಪಗಾರಾನೂ ಕೊಡತಾರಂತ.

ಮುಂದಿನ ಚಳಿಗಾಲದಾಗ ಒಂದು ಮುಂಜಾನಿ ಮಾವನವರು ದೋಣಿಯಾಗ ಕುಂತವರು ಏಳಾಕ ಆಗಲಿಲ್ಲ. ಮೊಳಕಾಲು ಹಿಡದುಬಿಟ್ಟಿದ್ವು. ಒಂದು ರಟ್ಟಿ ನಮ್ಮನಿಯವರು, ಇನ್ನೊಂದು ನಾ ಹಿಡದು ಎತ್ತಿ ಇಳಿಸಿದ್ವಿ. ಅವರು ಹಗರಾಗಿದ್ರು. ಅತ್ತಿಯವರು ಕಟ್ಟಿ ಮ್ಯಾಲ ನಿಂತು ನೋಡಾಕತ್ತಿದ್ರು. ಅವತ್ತು ಇಡೀ ದಿನ ಒಬ್ಬರೇ ಗಂಡನ ಕಾಲಿಗೆ ಎಣ್ಣಿ ತಿಕ್ಕಿದ್ರು.

ಕಾಲು ಒಂದೀಟು ಸುಮಾರಾದ ಮ್ಯಾಲ ಕಡೀ ತುಂಡು ಕೂಡಿಸಿ ಆತು. ರವಿವಾರ, ಎಲ್ಲಾರೂ ಅಂಗಳದಾಗಿದ್ವಿ. ಅತ್ತಿಯವರು ಬಂದು ಬಗ್ಗಿ, ಬೆರಳು ಮಡಚಿ ಈ ತುದಿಯಿಂದ ಆ ತುದಿತನಕ ಬಡಿದ್ರು. ಎಲ್ಲಾ ಕಡೆ ಠಣ್ ಅಂತು. ನೆಟ್ಟಗ ನಿಂತು ಸೆರಗು ಬಿಚ್ಚಿ ಹೊದ್ದುಕೊಂಡ್ರು.

"ಗಟ್ಟಿ ಐತ್ರಿ" ಅಂದ್ರು. "ಎಲ್ಲಾ ಗಟ್ಟಿ ಐತಿ. ನಿಮ್ಮ ಕಾಲು ನಡಿಯಾಕತ್ತಿರೂವಾಗಲೇ ಕೆರಿಗೆ ಹೋಗಿ ಬರೋಣ ನಡೀರಿ. ನಾನೂ ಕುಂದ್ರತೀನಿ."

ನಮ್ಮನಿಯವರು ಆಗಲೇ ಬಿಲ್ಡರಿಗೆ ಫೋನ್ ಹಚ್ಚಿದ್ರು. ಮಾವನವರು ಎದ್ದು ದೋಣಿ ಅಂಚು ಹಿಡದು ಹೆಂಡತಿ ಮಾರಿ ನೋಡಿದ್ರು.

"ಸರಿಯಾಗಿ ಬಡದಿಯೇನು?"

"ಬಡದೀನ್ರಿ."

"ಇನ್ನೊಮ್ಮೆ ಬಡದು ನೋಡು. ಅವಸರ ಏನೈತಿ."

ಅತ್ತಿಯವರ ಕಣ್ಣು ತುಂಬಿದ್ವು. ಸೀರಿ ಸೆರಗಿನಿಂದ ಮಾರಿ ಒರಸಿಕೊಂಡು ಮತ್ತ ಬಗ್ಗಿದ್ರು. ಅದೇ ಜಾಗಾ, ಅದೇ ಸಪ್ಪಳ. "ಇಲ್ಲೆ..." ಅಂದ್ರು, ದನಿ ಸಣ್ಣ ಆಗಿತ್ತು, "ಇಲ್ಲೆ ಒಂದೀಟು ಮೆತ್ತಗ ಐತೇನೋ ಅನಸ್ತೈತ್ರಿ."

"ಹೂಂ, ನನಗೂ ಹಂಗೇ ಕೇಳಸ್ತು" ಅಂದು ಮಾವನವರು ಮಶೀನಿಗೆ ಕೈ ಚಾಚಿದ್ರು.

ನಮ್ಮನಿಯವರು ಫೋನಿಗೆ ಅಂಗೈ ಮುಚ್ಚಿ ನನ್ನ ಹತ್ರ ಬಂದ್ರು. "ನೀನೂ ಕೇಳಿದೆಲ್ಲ? ಗಟ್ಟಿ ಸಪ್ಪಳಾನೇ ಬಂತು. ನೀನರೆ ಹೇಳು, ಅಪ್ಪ ನಿನ್ನ ಮಾತು ಕೇಳತಾರ."

ನನಗ ಅಳು ಬರೂವಷ್ಟು ಸಿಟ್ಟು ಬಂತು. ಅತ್ತಿಯವರ ಮ್ಯಾಲ, ಮಾವನವರ ಮ್ಯಾಲ, ಎಲ್ಲಾರಕಿಂತ ಹೆಚ್ಚು ಈ ಮನುಷ್ಯಾನ ಮ್ಯಾಲ. ನನ್ನ ಸಲುವಾಗಿ ಒಂದು ಒಳ್ಳೇ ಹಲಗಿ ಕೊಯ್ಯೂದು ಹೋಗಲಿ, ನನಗ ಬಾಗಿಲಾ ಯಾಕ ಬೇಕು ಅಂತ ಇವರು ಒಮ್ಮೆಯೂ ಕೇಳಿಲ್ಲ. ದೋಣಿ ಹತ್ತಿದೆ. ಅತ್ತಿಯವರು ಬಡಿದಲ್ಲೇ ಬೆರಳು ಮಡಚಿ ಬಡದೆ. ಅತ್ತಿಯವರೂ ಮಾವನವರೂ ನನ್ನ ಬಾಯಿ ನೋಡಾಕತ್ತಿದ್ರು. ಸಪ್ಪಳ ಕಲ್ಲಿನ ಮ್ಯಾಲ ಬಡದಂಗ ಬಂತು.

"ಮೆತ್ತಗ ಐತ್ರಿ" ಅಂದೆ. "ಫೋನ್ ಇಡ್ರಿ."