ಕೆರೆಯ ಜೊಂಡು ಮತ್ತು ನಮ್ಮ ಓನರ್ ಆಂಟಿ

ಕಾಲಿಗೆ ಮಂಡಿಯುದ್ದದ ಕಪ್ಪು ಗಂಬೂಟು, ಅದರ ಮೇಲೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಜರಿ ಅಂಚಿನ ಸೀರೆ, ಕೊರಳಲ್ಲಿ ದಪ್ಪ ಚಿನ್ನದ ಸರದ ಜೊತೆಗೇ ತೂಗಾಡುವ ದುರ್ಬೀನು. ಭಾನುವಾರ ಬೆಳಗ್ಗೆ ನಮ್ಮ ಓನರ್ ಆಂಟಿ ಕೆರೆ ಏರಿಯ ಮೇಲೆ ಬರುವಾಗ ವಾಕಿಂಗ್‌ಗೆ ಬಂದ ಗಂಡಸರು ತಾವಾಗಿಯೇ ದಾರಿ ಬಿಡುತ್ತಿದ್ದರು.

ಕಗ್ಗದಾಸಪುರದಲ್ಲಿ ಅವರ ಮನೆಯ ಮೊದಲ ಮಹಡಿಯಲ್ಲಿ ನಮ್ಮ ಬಾಡಿಗೆ ವಾಸ. ಅವರದು ಊರಿನ ಹಳೆಯ ಕುಟುಂಬ. ಕೆರೆಯ ಕೆಳಗೆ ಅವರಪ್ಪ ಗದ್ದೆ ಉಳುತ್ತಿದ್ದ ಜಾಗದಲ್ಲಿ ಈಗ ಸಾಲಾಗಿ ಅವರ ಮನೆಗಳಿವೆ. ಹಕ್ಕಿ ನೋಡುವ, ಕಸ ಹೆಕ್ಕುವ ನಮ್ಮ ಪುಟ್ಟ ಗುಂಪಿನ ಹತ್ತಿರ ಅವರು ಮೊದಲ ಸಲ ಬಂದದ್ದು ಜಗಳಕ್ಕೆ. ಕ್ಯಾಮೆರಾ, ಸ್ಟ್ಯಾಂಡು ನೋಡಿ, ಯಾರೋ ಜಾಗ ಹೊಡೆಯಲು ಅಳತೆ ಮಾಡುತ್ತಿದ್ದಾರೆಂದು ತಿಳಿದಿದ್ದರು. ಗುಂಪಿನವರೊಬ್ಬರು ಏನೂ ವಾದಿಸದೆ ದುರ್ಬೀನನ್ನು ಅವರ ಕೈಗಿತ್ತರು. ಆಂಟಿ ಅದನ್ನು ಕಣ್ಣಿಗಿಟ್ಟವರು ಬಿಸಿಲೇರುವವರೆಗೂ ವಾಪಸ್ಸು ಕೊಡಲಿಲ್ಲ.

"ಹುಟ್ದಾಗಿಂದ ಇದೇ ಕೆರೆ ನೋಡ್ತಿದೀನಿ ಕಣಮ್ಮ. ಇವತ್ತು ನೋಡ್ದೆ," ಎಂದರು ನನಗೆ.

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಚಳಿಗಾಲಕ್ಕೆ ವಲಸೆ ಬರುವ ಬಾತುಗಳು ಅವರ ಬಾಯಲ್ಲಿ "ಹೊಸ ಬಾಡಿಗೆಯೋರು". ವರ್ಷಪೂರ್ತಿ ಇರುವ ಜಂಬುಕೋಳಿಗಳು "ಹಳೇ ಗಿರಾಕಿಗಳು". ನೇರಳೆ ಮೈ, ಕೆಂಪು ಕೊಕ್ಕು, ಜೊಂಡಿನ ಮೇಲೆ ಉದ್ದುದ್ದ ಬೆರಳೂರಿ ದೊಡ್ಡಸ್ತಿಕೆಯಿಂದ ನಡೆಯುವ ಆ ಹಕ್ಕಿ ಅವರಿಗೆ ಪಂಚಪ್ರಾಣ. "ನಡಿಗೆ ನೋಡು, ನಮ್ಮತ್ತೆ ಥರಾನೇ," ಎನ್ನುತ್ತಿದ್ದರು. ನಾವು ಕಂಡಂತೆ ಆ ನಡಿಗೆ ಅವರದ್ದೇ ಆಗಿತ್ತು. ಹಾಗೆಂದು ಹೇಳುವ ಧೈರ್ಯ ಬಾಡಿಗೆದಾರಳಾದ ನನಗೆಲ್ಲಿಂದ ಬರಬೇಕು?

ಅವರಿಗೊಂದು ಹಟವಿತ್ತು. ಕೆರೆಯೆಂದರೆ ದಡದಿಂದ ದಡಕ್ಕೆ ನೀರು ಫಳಫಳ ಹೊಳೆಯಬೇಕು. ಅವರ ಬಾಲ್ಯದಲ್ಲಿ ಹಾಗಿತ್ತಂತೆ. ಆಗ ಜೊಂಡನ್ನು ಕೊಯ್ದು ಚಾಪೆಗೆ ಒಯ್ಯುತ್ತಿದ್ದರಂತೆ. "ಕೊಯ್ಯೋರಿಲ್ಲದೆ ಕೆರೆ ಪಾಳು ಬಿತ್ತು," ಎಂದು ಗುಂಪನ್ನು ಹುರಿದುಂಬಿಸಿದರು. ನಮಗೂ ಕಸ ತೆಗೆದು ತೆಗೆದು ಸಾಕಾಗಿತ್ತು, ಕಣ್ಣಿಗೆ ಕಾಣುವಂಥ ಕೆಲಸ ಬೇಕಿತ್ತು. ಕೆಲವು ಭಾನುವಾರ ಕುಡುಗೋಲು ಹಿಡಿದು ಇಳಿದೆವು. ಎಲ್ಲರಿಗಿಂತ ಮುಂದೆ ಆಂಟಿ. ಮೂಡಣ ದಡದ ಜೊಂಡೆಲ್ಲ ಹೋಗಿ ನೀರು ಕನ್ನಡಿಯಾಯಿತು. ಬಡಾವಣೆಯವರು ಬಂದು ಫೋಟೊ ತೆಗೆಸಿಕೊಂಡರು. ಪಡುವಣ ದಡದ ಪಾಲನ್ನು ಕೀಳಲು ಆಂಟಿಯ ತಮ್ಮನೇ ಜೆಸಿಬಿ ತರುವುದಾಗಿ ಒಪ್ಪಿದರು.

ಆ ವಾರದ ಮಧ್ಯೆ ಆಂಟಿ ಏರಿಯ ಮೇಲೆ ಒಣಗುತ್ತಿದ್ದ ಜೊಂಡಿನ ರಾಶಿಯಿಂದ ಪ್ಲಾಸ್ಟಿಕ್ಕು ಬೇರೆ ಮಾಡುತ್ತಿದ್ದರು. ನಾನು ಕೆಲಸದಿಂದ ಬರುವ ಹೊತ್ತಿಗೆ ರಾಶಿಯ ಪಕ್ಕದಲ್ಲಿ ನೆಲದ ಮೇಲೇ ಕುಳಿತಿದ್ದರು. ಮಡಿಲಲ್ಲಿ ಜೊಂಡೆಲೆಗಳನ್ನು ಬಗ್ಗಿಸಿ ಹೆಣೆದ, ಚಪ್ಪಟೆಯಾದ ಜಂಬುಕೋಳಿ ಗೂಡು. ಅದರಲ್ಲಿ ಮಸುಕು ಚುಕ್ಕೆಗಳ ಮೊಟ್ಟೆಗಳು, ಒಂದೆರಡು ಒಡೆದಿದ್ದವು. ನನ್ನನ್ನು ನೋಡಿ ಒಡೆಯದ ಮೊಟ್ಟೆಗಳ ಮೇಲೆ ಸೆರಗು ಮುಚ್ಚಿದರು. ಗೂಡನ್ನು ಕೆಳಗಿಡಲೇ ಇಲ್ಲ. ಅಷ್ಟು ಗಟ್ಟಿಗಿತ್ತಿ ಹಾಗೆ ಕುಳಿತುಬಿಟ್ಟದ್ದನ್ನು ಕಂಡು ನನಗೆ ಹೆದರಿಕೆಯಾಯಿತು.

ಭಾನುವಾರ ಜೆಸಿಬಿ ಬಂತು. ಸೊಳ್ಳೆ, ಹಾವು ಎಂದು ಬೇಸತ್ತಿದ್ದ ಜನರೂ ಸೇರಿದ್ದರು. ಆಂಟಿ ಯಂತ್ರದ ಮುಂದೆ ಹೋಗಿ ನಿಂತರು.

"ಇದು ಬೇಡ. ನಾನು ತಪ್ಪು ಮಾಡ್ದೆ. ನಿಮ್ಮ ಕೈಲೂ ಮಾಡಿಸ್ದೆ," ಎಂದರು.

ಅವರ ತಮ್ಮನಿಗೆ ಸಿಟ್ಟು ಬಂತು. "ಏನಕ್ಕಾ ನೀನು? ನೀನೇ ತಾನೇ ತರ್ಸು ಅಂದಿದ್ದು? ಇಷ್ಟು ಜನರ ಮುಂದೆ ನನ್ ಮರ್ಯಾದೆ ಏನಾಗ್ಬೇಕು?"

"ನಿನ್ ಮರ್ಯಾದೆ ಹೋಗಲ್ಲ ಕಣೋ. ಹೋದ್ರೆ ನಂದು ಹೋಗ್ಲಿ. ಮೊದ್ಲು ಅದನ್ನ ಆಫ್ ಮಾಡ್ಸು. ಎಲ್ಲಾರೂ ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಳ್ಳಿ. ಜೊಂಡಿಂದ ಏನೂ ಬರ್ಲಿಲ್ಲ ಅಂದ್ರೆ ನಿಮ್ಮಿಷ್ಟ."

ಎಂಜಿನ್ ನಿಂತಿತು. ಮೊದಲಿಗೆ ರಸ್ತೆಯ ಹಾರನ್ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಯಾರೋ ಕೆಮ್ಮಿದರು. ಯಾರೋ ಗಡಿಯಾರ ನೋಡಿಕೊಂಡರು. ಆಂಟಿ ಜೊಂಡಿನತ್ತಲೇ ನೋಡುತ್ತಿದ್ದರು. ಹಕ್ಕಿ ಹೊರಬರದಿದ್ದರೆ ಉಳಿದ ಗೂಡುಗಳೂ ಅವರ ಕಣ್ಣೆದುರಿಗೇ ಹೋಗುತ್ತಿದ್ದವು.

ಆಮೇಲೆ ಜೊಂಡು ಅಲುಗಿತು. ಒಳಗಿಂದ ಗೊಗ್ಗರು ದನಿಯೊಂದು ಬಂತು, ಅದಕ್ಕೆ ಇನ್ನೊಂದು ಕಡೆಯಿಂದ ಉತ್ತರ, ಮತ್ತೆ ಮತ್ತೊಂದು. ಆ ಹಸಿರಿನೊಳಗೆ ಒಂದು ಊರೇ ಇತ್ತು, ನಾವು ಅದರ ಬಾಗಿಲಲ್ಲಿ ಯಂತ್ರ ತಂದು ನಿಲ್ಲಿಸಿದ್ದೆವು. ನೇರಳೆ ಹಕ್ಕಿಯೊಂದು ಹೊರಗೆ ಕಾಲಿಟ್ಟು ನಮ್ಮನ್ನು ನೋಡಿ ನಿಂತಿತು. ಅದರ ಹಿಂದೆಯೇ ಕಪ್ಪು ಹತ್ತಿಯುಂಡೆಗಳಂಥ ಮರಿಗಳು, ಅಳತೆಗೆ ಮೀರಿದ ಕಾಲನ್ನು ಎತ್ತಿ ಎತ್ತಿ ಇಡುತ್ತಾ. ಆಂಟಿಯ ತಮ್ಮ ಚಪ್ಪಲಿ ಬಿಟ್ಟು ನಿಂತಿದ್ದರು. ಯಾಕೆ ಬಿಟ್ಟರೋ ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಜೆಸಿಬಿ ವಾಪಸ್ಸು ಹೋಯಿತು. ತಾನು ಸರಿಯೆಂದು ಸಾಧಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಾನೇ ಊರನ್ನು ಕಟ್ಟಿಕೊಂಡು ಮಾಡಿದ ಕೆಲಸ ತಪ್ಪೆಂದು, ಅದೇ ಊರಿನ ಎದುರು ಹೇಳಿದವರನ್ನು ಕಂಡದ್ದು ಅವತ್ತೊಂದೇ ಸಲ. ಇವತ್ತಿಗೂ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಮುಂದಿನ ಮಳೆಗಾಲದಲ್ಲಿ ಆಂಟಿ ಪಡುವಣ ದಡದಿಂದ ಜೊಂಡಿನ ಬೇರುಗಡ್ಡೆ ಕಿತ್ತು ಮೂಡಣ ದಡದ ಕೆಸರಲ್ಲಿ ನೆಟ್ಟರು. ನಾವೂ ನೆಟ್ಟೆವು. ಸೊಳ್ಳೆಯ ದೂರು ತಂದವರಿಗೆ "ಚರಂಡಿ ನೀರು ಬರೋದನ್ನ ನಿಲ್ಸೋಣ ಬನ್ನಿ, ಒಟ್ಟಿಗೆ ಆಫೀಸಿಗೆ ಹೋಗೋಣ," ಎಂದು ಗಂಟುಬೀಳುತ್ತಿದ್ದರು. ದೂರುಗಳು ತಾವಾಗಿಯೇ ಕಡಿಮೆಯಾದವು. ಜೊಂಡು ಚಿಗುರಿ ಆಳೆತ್ತರ ಬೆಳೆಯಿತು. ಹಕ್ಕಿ ಮಾತ್ರ ಆ ಕಡೆ ಸುಳಿಯಲಿಲ್ಲ.

ಆಮೇಲೆ ಆಂಟಿ ಕಾಯಿಲೆ ಬಿದ್ದರು. ಕಡೆಯ ದಿನಗಳಲ್ಲಿ ಅವರಿಗೆ ಕಿಟಕಿ ಪಕ್ಕದ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ನಾನು ಕೆರೆಯಿಂದ ಬಂದೊಡನೆ ಕಿಟಕಿಯಿಂದಲೇ ಕೇಳುತ್ತಿದ್ದರು, "ಆ ಕಡೆ ಬಂದ್ವೇನಮ್ಮ?"

"ಇನ್ನೂ ಇಲ್ಲ ಆಂಟಿ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು, ಬಾಯಿ ಬರಲಿಲ್ಲ. ಅವರು "ಹ್ಞೂಂ" ಎಂದು, ಪಕ್ಕದಲ್ಲಿದ್ದ ಸೊಸೆಯ ಕೈಯಿಂದ ಮಾತ್ರೆ ತೆಗೆದುಕೊಂಡು, ಗೋಡೆಯ ಕಡೆ ಹೊರಳುತ್ತಿದ್ದರು. ಹಾಗೆಯೇ ಹೋಗಿಬಿಟ್ಟರು.

ಈ ಸಲದ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ಮೂಡಣ ದಡದ ಜೊಂಡು ಅಲುಗಿತು. ನಾನು ನೋಡಬೇಕಾದ್ದನ್ನು ನೋಡಿ, ಅರ್ಧ ಓಡುತ್ತಾ ಮನೆಗೆ ಬಂದೆ. ಗೇಟು ತೆಗೆದವಳೇ, ಅವರಿಲ್ಲವೆಂಬುದೂ ಮರೆತು, "ಆಂಟಿ, ಬಂದ್ವು," ಎಂದು ಕೂಗಿಬಿಟ್ಟೆ. ಅವರ ಸೊಸೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಏನು ಬಂತೆಂದು ಅವರು ಕೇಳಲಿಲ್ಲ.

"ಮರಿನೂ ಇದಾವಾ?" ಎಂದರು.