ಸ್ಟಾರ್ಟ್ ಆಗಲ್ಲ ಅಂದ ಹುಲ್ಲಿನ ಗಾಡಿ

ಕಳೆದ ಶನಿವಾರ ಬೆಳಿಗ್ಗೆ ನನ್ನ ಅಕ್ಕನ ಬಲಗೈ ಮೊಣಕೈವರೆಗೂ ಒಂದು ಮಿಷನ್ನಿನ ಹೊಟ್ಟೆಯೊಳಗಿತ್ತು. ಆ ಹೊಟ್ಟೆಯೊಳಗೆ ಎರಡು ಬ್ಲೇಡು. ಮಿಷನ್ ಮೇಲೆ ನಮ್ಮ ಭಾವ ಕೂತಿದ್ದರು. ಹಿಂದುಗಡೆ ಪಕ್ಕದ ಹೊಲದ ಶಿವಲಿಂಗು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದ. ನಾನು ಮೊಬೈಲ್ ನೋಡುತ್ತಾ ನಿಂತಿದ್ದೆ.

ನಾಲ್ಕೂ ಜನರ ತಲೆಯಲ್ಲಿದ್ದದ್ದು ಒಂದೇ. ಹೇಗಾದರೂ ಇದು ಸ್ಟಾರ್ಟ್ ಆಗಬೇಕು.

ಇದು ಮೇಲೆ ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಗಾಡಿ. ನೋಡೋಕೆ ಮರಿ ಟ್ರ್ಯಾಕ್ಟರ್ ಥರ. ಬೈರಾಪಟ್ಟಣದಲ್ಲಿ ಅದಕ್ಕೇನು ಕೆಲಸ ಅಂತೀರಾ? ನಮ್ಮಕ್ಕ ಹಠ ಹಿಡಿದು ರಸ್ತೆ ಪಕ್ಕದ ಹೊಲದಲ್ಲಿ ಹುಲ್ಲು ಬೆಳೆಸಿದ್ದಾಳೆ. ನಿಶ್ಚಿತಾರ್ಥ, ನಾಮಕರಣಕ್ಕೆ ಬಾಡಿಗೆಗೆ ಕೊಡುವ ಲಾನ್. (ಹಿಪ್ಪುನೇರಳೆ ಕಿತ್ತು ಹುಲ್ಲು ಹಾಕಿದ ಹೆಂಗಸು ಎಂದು ಊರು ಇನ್ನೂ ನಗುತ್ತಿದೆ.) ಭಾನುವಾರ ಮೊದಲ ಬುಕಿಂಗ್ ಇತ್ತು. ಶನಿವಾರ ಮಧ್ಯಾಹ್ನ ಗಂಡಿನ ತಾಯಿ ಜಾಗ ನೋಡಲು ಬರುವವರಿದ್ದರು. ವಾರವೆಲ್ಲ ಸುರಿದ ಮಳೆಗೆ ಹುಲ್ಲು ಮೀನಖಂಡ ದಾಟಿತ್ತು.

ಗಾಡಿಯನ್ನು ಭಾವ ಪರಿಚಯದ ರೆಸಾರ್ಟ್ ಒಂದರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಬುಧವಾರ ಟೆಂಪೋದಿಂದ ಇಳಿಸಿದಾಗ ಚೆನ್ನಾಗಿಯೇ ಓಡಿತ್ತು. ಶುಕ್ರವಾರ ಪೂಜೆಯೂ ಆಯಿತು. ನಮ್ಮ ಕಡೆ ಹೊಸ ಗಾಡಿ ಬಂದರೆ ಕಬ್ಬಾಳಿಗೆ ಓಡಿಸಿಕೊಂಡು ಹೋಗಿ ಕಬ್ಬಾಳಮ್ಮನ ಮುಂದೆ ನಿಲ್ಲಿಸಿ ಪೂಜೆ ಮಾಡಿಸಬೇಕು. ಇದನ್ನು ಅಷ್ಟು ದೂರ ಓಡಿಸುವುದು ಹೇಗೆ? ಅದಕ್ಕೇ ಭಾವ ಬೈಕಿನಲ್ಲಿ ಹೋಗಿ ಅಮ್ಮನ ಹಾರವನ್ನೇ ಇಲ್ಲಿಗೆ ತಂದು ಹಾಕಿದ್ದರು. ಕುಂಕುಮ ಇಟ್ಟು, ಗಾಡಿಯನ್ನು ಕೈಯಲ್ಲೇ ತಳ್ಳಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದರು.

ಶನಿವಾರ ಕೀ ತಿರುಗಿಸಿದರೆ ಸದ್ದೇ ಇಲ್ಲ. ಕೆಮ್ಮು ಇಲ್ಲ, ಕೆರೆತ ಇಲ್ಲ.

ಮೊದಲು ಬ್ಯಾಟರಿ ಮೇಲೆ ಅನುಮಾನ ಬಂತು. ಲೈಟ್ ಹಾಕಿದರೆ ಝಗ್ಗನೆ ಉರಿಯಿತು. ಆದರೂ ಬಿಸಿನೀರು ಸುರಿದು ಟರ್ಮಿನಲ್ ಉಜ್ಜಿದ್ದಾಯಿತು. ಹಳೇ ಪೆಟ್ರೋಲ್ ಬಸಿದು ಹೊಸದು ಹಾಕಿದ್ದಾಯಿತು. ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ತಿಕ್ಕಿ, ಉಫ್ ಎಂದು ಊದಿ ಮತ್ತೆ ಹಾಕಿದ್ದಾಯಿತು. ಕೀ ತಿರುಗಿಸಿದರೆ ಅದೇ ಮೌನ. ಬಿಸಿಲು ಏರುತ್ತಿತ್ತು. ಅಕ್ಕ ಗಳಿಗೆಗೊಮ್ಮೆ ರಸ್ತೆ ಕಡೆ ನೋಡುತ್ತಿದ್ದಳು.

"ನಾಳೀಕೆ ಆಗ್ನಿಲ್ಲ ಅಂದ್ರೆ ಸೋಮವಾರ ಈ ಹುಲ್ನೆಲ್ಲ ಉತ್ತುಬುಡ್ತೀನಿ ಕಣೆ, ನೋಡ್ತಿರು" ಎಂದರು ಭಾವ. ಅವರಿಗೆ ಸಿಟ್ಟು ಬಂದಿದ್ದು ಗಾಡಿ ಮೇಲೆ. ಅಂದಿದ್ದು ಅಕ್ಕನಿಗೆ.

ಅಕ್ಕ ಬೇಲಿಯಾಚೆ ಕೂಗಿ ಶಿವಲಿಂಗುನ ಕರೆದಳು.

ಶಿವಲಿಂಗುಗೆ ಸ್ವಂತ ಟ್ರ್ಯಾಕ್ಟರ್ ಇದೆ. ಹಾಗಾಗಿ ಜಗತ್ತಿನ ಯಾವ ಇಂಜಿನ್ನಿಗೂ ಅವನು ಅಂಜುವುದಿಲ್ಲ. ಬಂದವನೇ ಬಗ್ಗಿ ನೋಡಿ, "ಅಡೀಲಿ ಹಳೇ ಹುಲ್ಲು ಮೆತ್ಕೊಂಡೈತೆ ಅಕ್ಕ. ಬ್ಲೇಡ್ ಜಾಮ್ ಆಗೈತೆ. ಅದ್ನ ಒಸಿ ಬುಡ್ಸಿ, ನಾ ಇತ್ತಾಗೆ ಡೈರೆಕ್ಟ್ ಕೊಡ್ತೀನಿ" ಎಂದ.

ಡೈರೆಕ್ಟ್ ಗೊತ್ತಲ್ಲ? ಸ್ವಿಚ್ಚು, ಸೆನ್ಸಾರು ಎಲ್ಲವನ್ನೂ ಪಕ್ಕಕ್ಕಿಟ್ಟು ಕರೆಂಟನ್ನು ಸೀದಾ ಕೊಡುವುದು. ಸ್ಟಾರ್ಟರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟರೆ ಆಯಿತು, ಇಂಜಿನ್ ತಿರುಗಲೇಬೇಕು. ನಮ್ಮಲ್ಲಿ ಯಾರು ಮಾಡಿಲ್ಲ ಹೇಳಿ? ಹೊಸ ಸ್ಕೂಟರ್ ಸೈಡ್ ಸ್ಟ್ಯಾಂಡ್ ತೆಗೆಯದೆ ಸ್ಟಾರ್ಟ್ ಆಗಲ್ಲ ಎಂದು ಸೆನ್ಸಾರನ್ನೇ ಕತ್ತರಿಸುತ್ತೇವೆ. ಕಾರು ಕುಯ್ಯೋ ಎನ್ನುತ್ತೆ ಎಂದು ಬೆಲ್ಟಿನ ಜಾಗಕ್ಕೆ ಬರೀ ಕ್ಲಿಪ್ ಸಿಕ್ಕಿಸುತ್ತೇವೆ. ಪದೇ ಪದೇ ಫ್ಯೂಸ್ ಹೋದರೆ ದಪ್ಪ ತಂತಿ ಸುತ್ತುತ್ತೇವೆ. ಬೇಡ ಎಂದು ಯಾವುದು ಹೇಳಿದರೂ ನಮ್ಮ ಕಣ್ಣಿಗೆ ಅದು ರಿಪೇರಿಗೆ ಬಂದ ಹಾಗೆ.

ಅಕ್ಕ ನೆಲಕ್ಕೆ ಕೂತಳು. ಹುಲ್ಲು ಹೊರಬೀಳುವ ಪಕ್ಕದ ಕಿಂಡಿಯೊಳಗೆ ಕೈ ಹಾಕಿ ಹುಣಸೆ ಬರಲಿನ ಕಡ್ಡಿಯಿಂದ ಕೆದಕತೊಡಗಿದಳು. ನನ್ನ ಮೊಬೈಲಿನಲ್ಲಿ ಆ ಗಾಡಿಯ ಮ್ಯಾನುಯಲ್ ತೆರೆದಿತ್ತು. ಸ್ಟಾರ್ಟ್ ಆಗದಿದ್ದರೆ ನೋಡಬೇಕಾದ್ದು: ಸೀಟಿನಲ್ಲಿ ಜನ ಇರಬೇಕು, ಬ್ರೇಕ್ ಒತ್ತಿರಬೇಕು, ಬ್ಲೇಡ್ ಆಫ್ ಇರಬೇಕು.

"ಭಾವ, ಬ್ಲೇಡ್ ಆಫ್ ಇದೆಯಾ?" ಎಂದೆ.

"ಅಯ್, ಗಾಡೀನೇ ಸ್ಟಾರ್ಟ್ ಆಗಿಲ್ಲ. ಬ್ಲೇಡ್ ಆನ್ ಎಲ್ಲಿಂದ ಬತ್ತದೆ?"

ಸರಿ ಅನ್ನಿಸಿತು. ನಿಮಗೂ ಅನ್ನಿಸುತ್ತಿತ್ತು.

"ರೆಡೀನಾ ಅಣ್ಣ?" ಶಿವಲಿಂಗು ಕೇಳಿದ್ದು ಭಾವನನ್ನು. "ಕೊಡು ಕಣ್ಲಾ" ಎಂದರು ಭಾವ. ಅಕ್ಕನನ್ನು ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಬೇಲಿಯ ಕಲ್ಲಿನ ಮೇಲಿಟ್ಟಿದ್ದ ಅಕ್ಕನ ಫೋನ್ ಬಡಿದುಕೊಂಡಿತು. "ಗಂಡಿನ್ ತಾಯೇ ಇರ್ಬೇಕು" ಎನ್ನುತ್ತಾ ಬರಲನ್ನು ಒಳಗೇ ಬಿಟ್ಟು, ಕೈ ಹೊರಗೆಳೆದು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬೇಲಿ ಕಡೆ ತಿರುಗಿದಳು.

ಗಾಡಿ ಗುಡುಗಿತು.

ಇಂಜಿನ್ ಮಾತ್ರ ಅಲ್ಲ, ಅದರ ಹಿಂದೆಯೇ ಅಡಿಯಿಂದ ಕರ್ರ್ ಎಂಬ ಇನ್ನೊಂದು ಸದ್ದು. ಕಿಂಡಿಯಿಂದ ಹುಲ್ಲು, ಮಣ್ಣು, ಹುಣಸೆ ಬರಲಿನ ಚೂರು ರಪರಪನೆ ಹಾರಿ ಅಕ್ಕನ ಕಾಲಿಗೆ ಬಡಿದವು. ಅವಳು ಕೂತಿದ್ದ ಜಾಗ ಖಾಲಿ ಇತ್ತು. ನಾನು ನೋಡಿದ್ದು ಅವಳ ಬಲಗೈಯನ್ನು. ಅಮ್ಮ ಹೊಲಕ್ಕೆ ಹೋದಾಗ ನನಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದ ಕೈ ಅದು.

ಭಾವ ತಡವರಿಸಿ ಕೀ ಆಫ್ ಮಾಡಿದರು. ಫೋನ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಅಕ್ಕ ತನ್ನ ಬಲಗೈಯನ್ನು ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಅಲ್ಲೇ ಕುಸಿದು ಕೂತು, "ಅವ್ವಾ ಕಬ್ಬಾಳಮ್ಮ" ಎಂದು ಅತ್ತಳು. ಭಾವ ಗಾಡಿಯಿಂದ ಇಳಿದು ಅವಳ ಪಕ್ಕ ಕೂತರು.

ಆಗಿದ್ದಿಷ್ಟು. ಶುಕ್ರವಾರ ಹಾರ ಹಾಕಲು ಭಾವನಿಗೆ ಜಾಗ ಸಿಕ್ಕಿರಲಿಲ್ಲ. ಟ್ರ್ಯಾಕ್ಟರಿಗಾದರೆ ಮುಂದೆ ಗ್ರಿಲ್ ಇದೆ, ಬೈಕಿಗಾದರೆ ಹ್ಯಾಂಡಲ್ ಇದೆ. ಇದಕ್ಕೇನಿದೆ? ಸ್ಟಿಯರಿಂಗಿಗೆ ಹಾಕಿದರೆ ತಿರುಗಿಸುವಾಗ ಹೂವು ನಲುಗುತ್ತದೆ. ಪಕ್ಕದಲ್ಲೊಂದು ಹಳದಿ ಗುಂಡಿ ಇತ್ತು. ಮೇಲಕ್ಕೆ ಎಳೆದರೆ ಒಳ್ಳೇ ಗೂಟದಂತೆ ನಿಂತಿತು. ಅದಕ್ಕೇ ಹಾರ ತಗುಲಿಸಿದ್ದರು. ಬ್ಲೇಡ್ ಆನ್ ಮಾಡುವ ಗುಂಡಿಯೇ ಅದು. ಶನಿವಾರ ಅದು ಹೂವಿನಡಿ ಮುಚ್ಚಿಹೋಗಿತ್ತು. ದೇವರ ಹಾರ ಬಾಡುವ ಮೊದಲು ಸರಿಸಿ ನೋಡುವ ಧೈರ್ಯ ಯಾರಿಗಿದೆ?

ಬ್ಲೇಡ್ ಆನ್ ಇದ್ದಾಗ ಆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆಗಬಾರದು ಎಂದೇ ಅದನ್ನು ಮಾಡಿದವರು ಹಾಗೆ ಮಾಡಿದ್ದಾರೆ. ಬೆಳಗಿನಿಂದ ಅದು ಹೇಳುತ್ತಿದ್ದದ್ದು ಅದನ್ನೇ. ನಾವು ಅದರ ಬ್ಯಾಟರಿ ಉಜ್ಜುತ್ತಿದ್ದೆವು. ಕಬ್ಬಾಳಮ್ಮನೇ ಕಾಪಾಡಿದ್ದು ಎನ್ನುತ್ತಾಳೆ ಅಕ್ಕ. ನಾನು ವಾದ ಮಾಡುವುದಿಲ್ಲ. ಫೋನ್ ಬಂದಿದ್ದಂತೂ ಸರಿಯಾಗಿ ಅದೇ ಹೊತ್ತಿಗೆ.

ಭಾವ ಕೈ ಮುಗಿದು ಹಾರ ತೆಗೆದರು. ಗುಂಡಿ ಒತ್ತಿದರು. ಕೀ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್! ಗಂಡಿನ ತಾಯಿ ಬರುವಷ್ಟರಲ್ಲಿ ಹುಲ್ಲು ಸಮವಾಗಿತ್ತು. ಆಕೆ ಚಪ್ಪಲಿ ಬಿಟ್ಟು ಓಡಾಡಿ, "ಚೆನ್ನಾಗ್ ಮಡ್ಗಿದ್ದೀರ ಕಣಮ್ಮ" ಎಂದರು. ಅಕ್ಕ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಕಾಫಿ ಕೊಟ್ಟಳು.

ಸಂಜೆ ಹೊರಡುವಾಗ ಶಿವಲಿಂಗು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ನೋಡಿದ್ರಾ ಅಣ್ಣ, ಇಂಜಿನ್ನಲ್ ಏನೂ ಪ್ರಾಬ್ಲಮ್ ಇರ್ನಿಲ್ಲ. ಎಲ್ಲಾ ಆ ಸ್ವಿಚ್ಚಿಂದೇ ಕಾಟ. ಪರ್ಮನೆಂಟಾಗಿ ಡೈರೆಕ್ಟ್ ಮಾಡ್ಬುಡ್ಲಾ?"

ಭಾವ ಬೇಡ ಎಂದರು, ನಿಜ. ಆದರೆ ಅದಕ್ಕೂ ಮುಂಚೆ ಗಲ್ಲ ಕೆರೆದುಕೊಂಡು ಒಂದು ಗಳಿಗೆ ಯೋಚಿಸಿದರು.

ಅದರಲ್ಲಿ ಯೋಚಿಸುವುದಕ್ಕೆ ಏನಿತ್ತು, ಹೇಳಿ?